ಮುಚ್ಚಳಿಕೆ ಬರೆದುಕೊಡುವವರು ಯಾರು?

ಯಾರಾದರೂ ತಲೆಬುಡವಿಲ್ಲದೆ ಮಾತಾಡಿದರೆ ಉತ್ತರ ಕರ್ನಾಟಕದಲ್ಲಿ ‘ಇವನ್ನ ಧಾರವಾಡಕ್ಕ ಕಳಸ್ಬೇಕು’ ಅನ್ನುತ್ತಾರೆ. ಬೆಂಗಳೂರಿನಲ್ಲಿ ಆ ಜಾಗದಲ್ಲಿ ನಿಮ್ಹಾನ್ಸ್ ಬರುತ್ತದೆ. ಮುಂಬಯಿಯ ಮರಾಠಿಯಲ್ಲಿ ಬರುವುದು ಠಾಣೆ. 1901ರಲ್ಲಿ ಶುರುವಾದ ಅಲ್ಲಿನ ಮಾನಸಿಕ ಆಸ್ಪತ್ರೆ, ಈಗಿನ ಹೆಸರಿನಲ್ಲಿ ಪ್ರಾದೇಶಿಕ ಮನೋರುಗ್ಣಾಲಯ, ಊರಿನ ಹೆಸರನ್ನೇ ಬೈಗುಳವಾಗಿಸಿಬಿಟ್ಟಿದೆ. ಯೆರವಡಾ, ನಾಗಪುರ, ರತ್ನಾಗಿರಿಗಳ ಜೊತೆ ಮಹಾರಾಷ್ಟ್ರ ಸರ್ಕಾರದ ನಾಲ್ಕು ಪ್ರಾದೇಶಿಕ ಮಾನಸಿಕ ಆಸ್ಪತ್ರೆಗಳಲ್ಲಿ ಇದೂ ಒಂದು. ಈ ಮಾತು ಕೇಳಿ ನಗುವವರ ನಡುವೆ ನಗದೆ ಸುಮ್ಮನೆ ಕೂತ ಒಬ್ಬರು ಯಾವಾಗಲೂ ಇರುತ್ತಾರೆ. ಅವರ ಮನೆಯಲ್ಲಿ ಅಂಥ ರೋಗಿ ಇರುತ್ತಾರೆ.

ಡೊಂಬಿವಲಿ, ಕಲ್ಯಾಣದ ಒಂದು ಕೋಣೆ–ಅಡುಗೆಮನೆಯ ಫ್ಲಾಟುಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರ ಜೊತೆ ಬದುಕುವುದು ಹೇಗಿರುತ್ತದೆ ಎಂಬುದು ಅಲ್ಲಿ ಬದುಕಿದವರಿಗೇ ಗೊತ್ತು. ಮಗ ಮಾತ್ರೆಯನ್ನು ನಾಲಗೆಯಡಿ ಇಟ್ಟುಕೊಂಡು ನೀರು ಕುಡಿಯುತ್ತಾನೆ. ಆಮೇಲೆ ಗ್ಯಾಲರಿಯ ತುಳಸಿ ಕುಂಡದ ಮಣ್ಣಿನಲ್ಲಿ ಅಮ್ಮನಿಗೆ ಅದೇ ಮಾತ್ರೆ ಸಿಗುತ್ತದೆ, ಅರ್ಧ ಕರಗಿ, ಬಣ್ಣ ಬಿಟ್ಟು. ಅಲ್ಲಿಂದ ಮುಂದೆ ಅವರು ಮಾತ್ರೆಯನ್ನು ಪುಡಿ ಮಾಡಿ ಸಾಂಬಾರಿಗೆ ಬೆರೆಸತೊಡಗುತ್ತಾರೆ. ಒಂದು ದಿನ ಅದೂ ಗೊತ್ತಾಗುತ್ತದೆ. ‘ನನಗೆ ವಿಷ ಹಾಕುತ್ತಿದ್ದಾರೆ’ ಎಂದು ಮಗ ಮೊದಲಿಂದ ಹೇಳುತ್ತಿದ್ದ ಭ್ರಮೆಗೆ ಅವತ್ತು ಸಾಕ್ಷಿ ಸಿಕ್ಕಂತಾಗಿ, ಅವನು ಮನೆಯ ಊಟವನ್ನೇ ಬಿಡುತ್ತಾನೆ. ಅಣ್ಣನಿಗೆ ಬೆಳಿಗ್ಗೆ ಏಳರ ಫಾಸ್ಟ್ ಲೋಕಲ್ ಹಿಡಿಯಬೇಕು, ಅಪ್ಪನಿಗೆ ಬಿಪಿ. ಓಪಿಡಿಗೆ ಕರೆದುಕೊಂಡು ಹೋಗಲು ರಿಕ್ಷಾ ತಂದು ಗೇಟಿನಲ್ಲಿ ನಿಲ್ಲಿಸಿದರೆ ಅವನು ಇಳಿದು ಬರುವುದಿಲ್ಲ. ಇಂಥ ಮನೆಯವರು ಕೊನೆಗೆ ವಕೀಲರ ಮುಂದೆ ಕೂತು ಕೇಳುವ ಪ್ರಶ್ನೆ ಒಂದೇ: ‘ಕೋರ್ಟಿನಿಂದ ಒಂದು ಆರ್ಡರ್ ಮಾಡಿಸಬಹುದಾ? ಆಸ್ಪತ್ರೆಗೆ ಹಾಕುವುದು ಬೇಡ. ಮನೆಯಲ್ಲೇ ಇರಲಿ, ಔಷಧಿ ತೆಗೆದುಕೊಂಡರೆ ಸಾಕು.’

ಪ್ರಶ್ನೆ ನ್ಯಾಯವಾದದ್ದು. ಜಗತ್ತಿನ ಹಲವು ಕಡೆ ಇದಕ್ಕೆ ಕಾನೂನೇ ಇದೆ.

ನ್ಯೂಯಾರ್ಕಿನಲ್ಲಿ ಅದನ್ನು ಕೆಂಡ್ರಾ ಕಾನೂನು ಎನ್ನುತ್ತಾರೆ. 1999ರ ಜನವರಿ 3ರಂದು ಕೆಂಡ್ರಾ ವೆಬ್‌ಡೇಲ್ ಎಂಬ ಯುವತಿಯನ್ನು ಅಲ್ಲಿನ ನೆಲದಡಿಯ ರೈಲು ನಿಲ್ದಾಣದಲ್ಲಿ ಮಾನಸಿಕ ರೋಗವಿದ್ದ ಒಬ್ಬ ಹಳಿಗೆ ತಳ್ಳಿದ. ಅದೇ ವರ್ಷ ಕಾನೂನು ಬಂತು. ಹೊರರೋಗಿಯಾಗಿ ಚಿಕಿತ್ಸೆ ಪಡೆಯಲೇಬೇಕು ಎಂದು ನ್ಯಾಯಾಲಯ ಆದೇಶಿಸಬೇಕಾದರೆ ರೋಗಿಗೆ 18 ತುಂಬಿರಬೇಕು. ಮೇಲ್ವಿಚಾರಣೆ ಇಲ್ಲದೆ ಅವನು ಸಮಾಜದಲ್ಲಿ ಕ್ಷೇಮವಾಗಿ ಬದುಕುವ ಸಂಭವ ಕಡಿಮೆ ಇರಬೇಕು. ಚಿಕಿತ್ಸೆ ಬಿಟ್ಟದ್ದರಿಂದ ಕಳೆದ 36 ತಿಂಗಳಲ್ಲಿ ಎರಡು ಬಾರಿಯಾದರೂ ಆಸ್ಪತ್ರೆ ಸೇರಿರಬೇಕು, ಇಲ್ಲವೇ 48 ತಿಂಗಳಲ್ಲಿ ಒಮ್ಮೆಯಾದರೂ ತನ್ನ ಮೇಲೋ ಇತರರ ಮೇಲೋ ಗಂಭೀರ ಹಿಂಸೆ ಎಸಗಿರಬೇಕು ಅಥವಾ ಅಂಥ ಬೆದರಿಕೆ ಹಾಕಿರಬೇಕು. ತಾನಾಗಿ ಚಿಕಿತ್ಸೆಗೆ ಒಪ್ಪುವಂತಿರಬಾರದು, ಚಿಕಿತ್ಸೆಯಿಂದ ಪ್ರಯೋಜನ ಆಗುವಂತಿರಬೇಕು, ಇದಕ್ಕಿಂತ ಕಡಿಮೆ ನಿರ್ಬಂಧದ ದಾರಿ ಇರಬಾರದು. ಅರ್ಜಿ ಹಾಕುವ ಹಕ್ಕು ತಂದೆತಾಯಿ, ಗಂಡ ಅಥವಾ ಹೆಂಡತಿ, ಒಡಹುಟ್ಟಿದವರು, ಚಿಕಿತ್ಸೆ ಕೊಡುವವರು ಮೊದಲಾದವರಿಗೆ ಇದೆ. ಅರ್ಜಿಗೆ ಮುಂಚಿನ ಹತ್ತು ದಿನದೊಳಗೆ ವೈದ್ಯರು ರೋಗಿಯನ್ನು ನೋಡಿರಬೇಕು.

ಇಷ್ಟೆಲ್ಲ ದಾಟಿ ಆದೇಶ ಬಂದರೂ ಬಾಯಿ ಬಿಡಿಸಿ ಮಾತ್ರೆ ಹಾಕುವ ಅಧಿಕಾರ ಯಾರಿಗೂ ಬರುವುದಿಲ್ಲ. ಆದೇಶ ಮುರಿದ ರೋಗಿಯನ್ನು ತಪಾಸಣೆಗಾಗಿ ಹೆಚ್ಚೆಂದರೆ 72 ಗಂಟೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಹುದು, ಅಷ್ಟೆ. ಕ್ಯಾಲಿಫೋರ್ನಿಯಾದ ಲಾರಾ ಕಾನೂನಿನ ಅಳತೆಗಳೂ ಬಹುಪಾಲು ಇವೇ. 2023ರ ಅಕ್ಟೋಬರಿನಲ್ಲಿ ಅಲ್ಲಿ ‘ಕೇರ್ ಕೋರ್ಟ್’ ಎಂಬ ಇನ್ನೊಂದು ವ್ಯವಸ್ಥೆಯೂ ಶುರುವಾಯಿತು. ಅದು ಮುಖ್ಯವಾಗಿ ಸ್ಕಿಜೋಫ್ರೇನಿಯಾ ಬಗೆಯ ರೋಗ ಇರುವವರಿಗಾಗಿ.

ಕೆಂಡ್ರಾ ಕಾನೂನಿನ ಹಿಂದಿನ ಕತೆಯಲ್ಲಿ ಒಂದು ಸಂಗತಿ ಮನಸ್ಸನ್ನು ಕಲಕುತ್ತದೆ. ಅವಳನ್ನು ತಳ್ಳಿದವನು ಚಿಕಿತ್ಸೆ ಬೇಡ ಎಂದವನಲ್ಲ. ಆ ಘಟನೆಗೆ ಮುಂಚೆ ತಾನೇ ಮತ್ತೆ ಮತ್ತೆ ಆಸ್ಪತ್ರೆಗಳ ಬಾಗಿಲಿಗೆ ಹೋಗಿದ್ದ. ಕೆಲವು ದಿನ ಇರಿಸಿಕೊಂಡು ಹೊರಗೆ ಕಳಿಸಿದ್ದರು. ಮಾತ್ರೆ ಉಗುಳುವವರನ್ನು ಕಣ್ಣಮುಂದೆ ಇಟ್ಟುಕೊಂಡು ಬರೆದ ಕಾನೂನಿಗೆ ಕಾರಣನಾದವನು ಚಿಕಿತ್ಸೆ ಕೇಳಿಕೊಂಡು ಅಲೆದವನು. ಇನ್ನು ಇಂಥ ಆದೇಶಗಳ ಫಲದ ಮಾತು. ಇಂಗ್ಲೆಂಡಿನಲ್ಲೂ 2008ರಿಂದ ಅವು ಇವೆ. ಅಲ್ಲಿ ಕೊಡುವುದು ನ್ಯಾಯಾಧೀಶರಲ್ಲ, ವೈದ್ಯರು. ಮನೋವೈದ್ಯ ಟಾಮ್ ಬರ್ನ್ಸ್ ಅವರ ತಂಡ 333 ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿ 2013ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿತು. ಆದೇಶದ ಕೆಳಗೆ ಇದ್ದವರಲ್ಲೂ ಇಲ್ಲದವರಲ್ಲೂ ಮತ್ತೆ ಆಸ್ಪತ್ರೆ ಸೇರಿದವರು ಶೇಕಡ 36. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಈಗ ಡೊಂಬಿವಲಿಯ ಆ ಮನೆಗೆ ಬರೋಣ. ವಕೀಲರು ಕೊಡಬೇಕಾದ ಪ್ರಾಮಾಣಿಕ ಉತ್ತರ ಇದು: ಅಪರಾಧ ಮಾಡದ ವ್ಯಕ್ತಿಗೆ ಮನೆಯಲ್ಲಿದ್ದೇ ಚಿಕಿತ್ಸೆ ಪಡೆ ಎಂದು ಆದೇಶಿಸುವ ವ್ಯವಸ್ಥೆ ಭಾರತದ ಕಾನೂನಿನಲ್ಲಿ ಇಲ್ಲ.

ಹಿಂದೆ ಮ್ಯಾಜಿಸ್ಟ್ರೇಟರ ಕೈ ಉದ್ದವಿತ್ತು. 1912ರ ಹುಚ್ಚರ ಕಾಯ್ದೆಯಲ್ಲೂ (ಅದರ ಹೆಸರೇ ಹಾಗಿತ್ತು) ಅದರ ಜಾಗಕ್ಕೆ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೂ ಗಂಡನೋ ಹೆಂಡತಿಯೋ ಬಂಧುವೋ ಅರ್ಜಿ ಹಾಕಿ, ಇಬ್ಬರು ವೈದ್ಯರ ಸರ್ಟಿಫಿಕೇಟ್ ಲಗತ್ತಿಸಿದರೆ, ಮ್ಯಾಜಿಸ್ಟ್ರೇಟರು ದಾಖಲಾತಿಗೆ ಆದೇಶ ಕೊಡಬಹುದಿತ್ತು. ಹೊರಗೆ ಬರಲು ಮತ್ತೆ ಯಾರಾದರೂ ಕಾಗದಪತ್ರ ಓಡಾಡಿಸಬೇಕಿತ್ತು. ಸೇರಿಸಿದವರೇ ಮರೆತರೆ ಒಳಗಿದ್ದವರ ಗತಿ ಅಷ್ಟೆ. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಈ ಹಳೆಯ ಬಾಗಿಲನ್ನು ಮುಚ್ಚಿತು.

ಹೊಸ ಕಾಯ್ದೆಯ 89ನೇ ಕಲಮು ಒಪ್ಪಿಗೆ ಕೊಡಲಾಗದ ಸ್ಥಿತಿಯಲ್ಲಿ ಇರುವವರ ದಾಖಲಾತಿಗೆ ಸಂಬಂಧಿಸಿದ್ದು. ಅದು ಹೇಳುವ ಸಂದರ್ಭಗಳು ಮೂರೇ. ಇತ್ತೀಚೆಗೆ ತನ್ನ ದೇಹಕ್ಕೆ ಹಾನಿ ಮಾಡಿಕೊಳ್ಳಲು ಯತ್ನಿಸಿರಬೇಕು ಅಥವಾ ಬೆದರಿಸಿರಬೇಕು. ಇಲ್ಲವೇ ಬೇರೆಯವರ ಮೇಲೆ ಕೈ ಮಾಡಿರಬೇಕು ಅಥವಾ ಹೊಡೆದಾನು ಎಂಬ ಭಯ ಹುಟ್ಟಿಸಿರಬೇಕು. ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಪಾಯಕ್ಕೆ ಬಿದ್ದಿರಬೇಕು. ಒಬ್ಬ ಮನೋವೈದ್ಯರು ಮತ್ತು ಇನ್ನೊಬ್ಬ ತಜ್ಞರು ಅಥವಾ ವೈದ್ಯರು ಬೇರೆ ಬೇರೆಯಾಗಿ ನೋಡಿ ಒಂದೇ ನಿರ್ಣಯಕ್ಕೆ ಬರಬೇಕು. ಅವಧಿ 30 ದಿನ. ಮುಂದುವರಿಸಬೇಕಾದರೆ ಇಬ್ಬರು ಮನೋವೈದ್ಯರ ತಪಾಸಣೆ ಮತ್ತು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಅನುಮತಿ ಬೇಕು. ಈ ಮಂಡಳಿಗೆ ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಧ್ಯಕ್ಷರು. ಸದಸ್ಯರ ಸಾಲಿನಲ್ಲಿ ಮಾನಸಿಕ ರೋಗವನ್ನು ಸ್ವತಃ ಅನುಭವಿಸಿದವರಿಗೆ, ಅವರನ್ನು ನೋಡಿಕೊಂಡವರಿಗೆ ಕೂರುವ ಅವಕಾಶವಿದೆ. ಇದು ಸಣ್ಣ ಬದಲಾವಣೆಯಲ್ಲ.

ಮ್ಯಾಜಿಸ್ಟ್ರೇಟರಿಗೆ ಉಳಿದಿರುವ ಅಧಿಕಾರ 102ನೇ ಕಲಮಿನದು. ಮಾನಸಿಕ ರೋಗ ಇರಬಹುದು ಎನಿಸುವ ವ್ಯಕ್ತಿ ತಮ್ಮ ಮುಂದೆ ಬಂದರೆ ಅಥವಾ ಯಾರಾದರೂ ಕರೆತಂದರೆ ಸರ್ಕಾರಿ ಆಸ್ಪತ್ರೆಗೆ ಕಳಿಸಬಹುದು, ತಪಾಸಣೆಗೆಂದು ಹೆಚ್ಚೆಂದರೆ ಹತ್ತು ದಿನ ದಾಖಲಿಸಲು ಹೇಳಬಹುದು. ಆಮೇಲೆ ವೈದ್ಯರ ವರದಿ, ಕಾಯ್ದೆಯ ದಾರಿ. ಹೊರರೋಗಿ ಚಿಕಿತ್ಸೆಯ ಆದೇಶಕ್ಕೆ ತುಸು ಹತ್ತಿರ ಬರುವುದು 91ನೇ ಕಲಮು. ದಾಖಲಾದವರನ್ನು ಆಸ್ಪತ್ರೆಯ ಉಸ್ತುವಾರಿ ವೈದ್ಯರು ಷರತ್ತು ಹಾಕಿ ರಜೆಯ ಮೇಲೆ ಮನೆಗೆ ಕಳಿಸಬಹುದು. ಆದರೆ ದಾಖಲಾತಿಯ ಅವಧಿ ಮುಗಿದ ದಿನವೇ ಆ ಷರತ್ತಿನ ಬಲವೂ ಮುಗಿಯುತ್ತದೆ.

ಹಾಗಾದರೆ ‘ಕ್ರಮವಾದ ಹೊರರೋಗಿ ಮನೋಚಿಕಿತ್ಸೆ’ ಎಂಬ ಮಾತು ನಮ್ಮ ಕಾನೂನಿನಲ್ಲಿ ಎಲ್ಲೂ ಇಲ್ಲವೇ? ಇದೆ. ಕ್ರಿಮಿನಲ್ ಕಾನೂನಿನಲ್ಲಿದೆ. ಠಾಣೆಯ ಹಳೆಯ ಕೋಟೆಯೊಳಗಿನ ಕೇಂದ್ರ ಕಾರಾಗೃಹ, ಕಲ್ಯಾಣದ ಆಧಾರವಾಡಿ ಜೈಲು, ನವಿ ಮುಂಬಯಿಯ ತಳೋಜಾ ಜೈಲು, ಈ ಮೂರರಲ್ಲಿ ಯಾವುದರೊಳಗಾದರೂ ಮನೆಯವರೊಬ್ಬರು ಇದ್ದು ಅವರಿಗೆ ಮಾನಸಿಕ ರೋಗವಿದ್ದರೆ ಅದನ್ನು ಹೇಳುವ ಕಲಮು ಗೊತ್ತಿರಲೇಬೇಕು.

ಇದರ ಅಗತ್ಯ ಎಷ್ಟೆಂದು ತಿಳಿಯಲು ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರ ಬದುಕನ್ನು ನೆನೆಯಬೇಕು. 1951ರಲ್ಲಿ, ಸುಮಾರು 23ನೇ ವಯಸ್ಸಿನಲ್ಲಿ, ಗಾಯಗೊಳಿಸಿದ ಆರೋಪದ ಮೇಲೆ ಪೊಲೀಸರು ಅವರನ್ನು ಹಿಡಿದರು. ತೇಜಪುರದ ಮಾನಸಿಕ ಆಸ್ಪತ್ರೆಗೆ ಸಾಗಿಸಿದರು. 1967ರಲ್ಲಿ ವೈದ್ಯರು ‘ಗುಣವಾಗಿದೆ’ ಎಂದು ಬರೆದುಕೊಟ್ಟರು. ಮನೆಗೆ ಹೋಗಬೇಕಿದ್ದವರು ಗುವಾಹಟಿಯ ಜೈಲಿಗೆ ಹೋದರು. ವಿಚಾರಣೆಯೇ ನಡೆಯಲಿಲ್ಲ. 2005ರಲ್ಲಿ ಒಂದು ರೂಪಾಯಿಯ ಬಾಂಡಿನ ಮೇಲೆ ಬಿಡುಗಡೆಯಾದಾಗ ಒಳಗೆ ಕಳೆದದ್ದು 54 ವರ್ಷ. ಎರಡು ವರ್ಷ ಹೊರಗಿದ್ದು ತೀರಿಕೊಂಡರು.

ಆ ಕಾಲದ ದಂಡ ಪ್ರಕ್ರಿಯಾ ಸಂಹಿತೆಯ 330ನೇ ಕಲಮಿನಲ್ಲಿ ಇಂಥ ಆರೋಪಿಯನ್ನು ಭದ್ರತೆ ಪಡೆದು ‘ಬಿಡಬಹುದು’ ಎಂದಿತ್ತು. 2009ರ ಕೊನೆಯ ದಿನ ಜಾರಿಗೆ ಬಂದ ತಿದ್ದುಪಡಿ ಆ ‘ಬಹುದು’ವನ್ನು ತೆಗೆದು ‘ತಕ್ಕದ್ದು’ ಮಾಡಿತು. 2024ರ ಜುಲೈ 1ರಿಂದ ನಡೆಯುತ್ತಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 369ನೇ ಕಲಮು ಅದನ್ನೇ ಮುಂದುವರಿಸಿದೆ. ಮಾನಸಿಕ ಸ್ಥಿತಿಯಿಂದಾಗಿ ತನ್ನ ಪರ ವಾದ ಮಂಡಿಸಲಾಗದ ಆರೋಪಿಯನ್ನು, ಪ್ರಕರಣ ಜಾಮೀನು ಕೊಡಬಹುದಾದ ಬಗೆಯದಾಗಿರಲಿ ಇಲ್ಲದಿರಲಿ, ನ್ಯಾಯಾಲಯ ಜಾಮೀನಿನ ಮೇಲೆ ಬಿಡತಕ್ಕದ್ದು. ಅದಕ್ಕೆ ಎರಡು ಷರತ್ತು. ರೋಗ ಆಸ್ಪತ್ರೆಯಲ್ಲೇ ಇರಿಸಬೇಕಾದಷ್ಟು ತೀವ್ರವಾಗಿರಬಾರದು. ಹತ್ತಿರದ ಆಸ್ಪತ್ರೆಯಲ್ಲಿ ಕ್ರಮವಾಗಿ ಹೊರರೋಗಿ ಮನೋಚಿಕಿತ್ಸೆ ಕೊಡಿಸುತ್ತೇನೆ, ಅವರು ತಮಗಾಗಲಿ ಬೇರೆಯವರಿಗಾಗಲಿ ಅಪಾಯ ಮಾಡದಂತೆ ನೋಡಿಕೊಳ್ಳುತ್ತೇನೆ ಎಂದು ಒಬ್ಬ ಸಂಬಂಧಿ ಅಥವಾ ಸ್ನೇಹಿತ ಮುಚ್ಚಳಿಕೆ ಬರೆದುಕೊಡಬೇಕು.

ಈ ದಾರಿ ಶುರುವಾಗುವುದು ತಪಾಸಣೆಯಿಂದ. ಆರೋಪಿಯ ಮನಃಸ್ಥಿತಿ ಸರಿಯಿಲ್ಲ ಎಂದು ಮ್ಯಾಜಿಸ್ಟ್ರೇಟರಿಗೆ ಅನ್ನಿಸಿದರೆ ಸಿವಿಲ್ ಸರ್ಜನ್ ಅವರಿಂದ ಪರೀಕ್ಷೆ ಮಾಡಿಸುತ್ತಾರೆ. ಅವರು ಮನೋವೈದ್ಯರಿಗೋ ಕ್ಲಿನಿಕಲ್ ಸೈಕಾಲಜಿಸ್ಟರಿಗೋ ಒಪ್ಪಿಸುತ್ತಾರೆ. ಬಂದ ವರದಿ ಸರಿಯೆನಿಸದಿದ್ದರೆ ಆರೋಪಿ ವೈದ್ಯಕೀಯ ಮಂಡಳಿಗೆ ಮೇಲ್ಮನವಿ ಕೊಡಬಹುದು. ಕಾನೂನು ಕೇಳುವುದು ‘ಇವನಿಗೆ ರೋಗ ಇದೆಯೇ’ ಎಂದಷ್ಟೇ ಅಲ್ಲ, ‘ಇವನು ತನ್ನ ಮೇಲಿನ ಆರೋಪ ಅರ್ಥ ಮಾಡಿಕೊಂಡು ಪ್ರತಿವಾದ ಮಾಡಬಲ್ಲನೇ’ ಎಂದು. ಡಿಪ್ರೆಷನ್ನಿಗೆ ಮಾತ್ರೆ ನುಂಗುವ ಎಲ್ಲರಿಗೂ ಇದು ಅನ್ವಯಿಸುವುದಿಲ್ಲ. ಜಾಮೀನು ಸಿಕ್ಕರೆ ಕೇಸು ಮುಗಿದಂತೆಯೂ ಅಲ್ಲ. ಗುಣವಾದ ಮೇಲೆ ವಿಚಾರಣೆ ಮುಂದುವರಿಯಬಹುದು.

ಮುಚ್ಚಳಿಕೆಗೆ ಸಹಿ ಹಾಕುವ ಕೈ ನಡುಗುವುದು ಸಹಜ. ‘ಅಪಾಯ ಮಾಡದಂತೆ ನೋಡಿಕೊಳ್ಳುತ್ತೇನೆ’ ಎಂಬ ಸಾಲು ಒಬ್ಬ ಎಪ್ಪತ್ತರ ತಾಯಿಯ ಮೇಲೆ ಹೊರಿಸುವ ಭಾರ ಎಷ್ಟು! ಅದೇ ಕಾರಣಕ್ಕೆ ಓಪಿಡಿ ಕಾರ್ಡು, ಔಷಧಿ ಚೀಟಿ, ಪ್ರತಿ ಭೇಟಿಯ ತಾರೀಖು, ಇವನ್ನೆಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಜೋಡಿಸಿಡಬೇಕು. ಮುಂದಿನ ತಾರೀಖಿಗೆ ನ್ಯಾಯಾಲಯದಲ್ಲಿ ಆ ತಾಯಿಯ ಪರ ಮಾತಾಡುವುದು ಅದೇ ಫೈಲು. ಮಾತ್ರೆ ಉಗುಳುವ ರೋಗಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಫ್ಲೂಫೆನಜಿನ್‌ನಂಥ ದೀರ್ಘಾವಧಿ ಇಂಜೆಕ್ಷನ್ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಬೇಕು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬೇಕು. 2017ರ ಕಾಯ್ದೆಯ 27ನೇ ಕಲಮಿನ ಪ್ರಕಾರ ಮಾನಸಿಕ ರೋಗ ಇರುವವರಿಗೆ ಉಚಿತ ಕಾನೂನು ನೆರವು ಹಕ್ಕು; ಅದನ್ನು ಅವರಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ, ಪೊಲೀಸರ ಕರ್ತವ್ಯ.

ನಮ್ಮ ವ್ಯವಸ್ಥೆಯ ತಿರುವು ಹೀಗಿದೆ: ಸುಮ್ಮನೆ ಮನೆಯ ಮೂಲೆಯಲ್ಲಿ ಕೂತ ರೋಗಿಯ ಬಳಿಗೆ ಕಾನೂನು ಬರುವುದಿಲ್ಲ. ಅವನು ಕಲ್ಲು ಎಸೆದ ಮೇಲೆ, ಎಫ್‌ಐಆರ್ ಆದ ಮೇಲೆ, ಅದೇ ಕಾನೂನು ಅವನನ್ನು ಓಪಿಡಿಗೆ ಕರೆದೊಯ್ಯಲು ಹೇಳುತ್ತದೆ. ಹಾಗೆಂದು ನ್ಯೂಯಾರ್ಕಿನ ಕಾನೂನನ್ನು ತಂದು ಇಲ್ಲಿ ನೆಡಬೇಕೇ? ಬೇಡ ಎಂದೇ ಹೇಳಬೇಕಾಗುತ್ತದೆ. ನ್ಯಾಯಾಧೀಶರು ‘ವಾರಕ್ಕೊಮ್ಮೆ ಹೋಗು’ ಎಂದರೆ ಹೋಗಲು ಹತ್ತಿರದಲ್ಲಿ ಒಂದು ಬಾಗಿಲು ಇರಬೇಕು, ಮನೆಗೆ ಬಂದು ಮಾತಾಡಿಸುವ ಒಬ್ಬ ಸಮಾಜ ಕಾರ್ಯಕರ್ತೆ ಇರಬೇಕು. 2017ರ ಕಾಯ್ದೆಯ 18ನೇ ಕಲಮು ಇವನ್ನು ಹಕ್ಕು ಎಂದು ಆಗಲೇ ಬರೆದಿಟ್ಟಿದೆ: ಮನೆಯಲ್ಲೇ ಪುನರ್ವಸತಿ, ಕುಟುಂಬಕ್ಕೆ ಬೆಂಬಲ, ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆಗಳು, ಅಗತ್ಯ ಔಷಧಿ ಉಚಿತ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತಂದಿದ್ದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ ಆದದ್ದು ಅದೇ. ಅಲ್ಲಿ ಜನ ಚಿಕಿತ್ಸೆಗೆ ಬಂದದ್ದು ಯಾರ ಆದೇಶದ ಮೇಲೂ ಅಲ್ಲ. ಬಾಗಿಲು ಹತ್ತಿರವಿತ್ತು, ಬಂದರು.

ಇನ್ನು ಮುಚ್ಚಳಿಕೆ ಬರೆದುಕೊಡಲು ಯಾರೂ ಇಲ್ಲದವರ ಮಾತು. 369ನೇ ಕಲಮು ಅಂಥವರನ್ನು ಕ್ರಮವಾಗಿ ಮನೋಚಿಕಿತ್ಸೆ ಸಿಗುವ ಜಾಗದಲ್ಲಿ ಇರಿಸಿ ಎನ್ನುತ್ತದೆ. ಒಂದೇ ರೋಗ, ಒಂದೇ ಆರೋಪ. ಅಣ್ಣ ಇರುವವನು ಮನೆಗೆ, ಇಲ್ಲದವನು ಸಂಸ್ಥೆಯ ಒಳಗೆ. ಅಪರಾಧದ ಸೋಂಕಿಲ್ಲದವರ ಕತೆಯೂ ಬೇರೆಯಲ್ಲ. ಗುಣವಾದ ಮೇಲೂ ಸುಮಾರು ಹನ್ನೆರಡು ವರ್ಷ ಠಾಣೆಯ ಆಸ್ಪತ್ರೆಯಲ್ಲೇ ಉಳಿದ ಒಬ್ಬ ಮಹಿಳೆಯ ಸಂಗತಿಯನ್ನು ಮುಂದಿಟ್ಟು ಮುಂಬಯಿಯ ಮನೋವೈದ್ಯ ಡಾ. ಹರೀಶ್ ಶೆಟ್ಟಿ ಅವರು ಬಾಂಬೆ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಅದರ ವಿಚಾರಣೆಯಲ್ಲಿ, ರಾಜ್ಯದ ನಾಲ್ಕು ಆಸ್ಪತ್ರೆಗಳಲ್ಲಿ ಹತ್ತು ವರ್ಷಕ್ಕೂ ಮೀರಿ ಉಳಿದವರು ನಾನೂರಕ್ಕಿಂತ ಹೆಚ್ಚು ಮಂದಿ ಎಂಬುದು ಹೊರಬಂತು. ಅವರಲ್ಲಿ ಎಷ್ಟೋ ಜನ ಮನೆಗೆ ಹೋಗುವಷ್ಟು ಸ್ವಸ್ಥರಾಗಿದ್ದರು. ಕರೆದುಕೊಂಡು ಹೋಗುವವರು ಬಂದಿರಲಿಲ್ಲ. ಮನೆಯವರು ಬೇಡ ಎಂದರು, ಮನೆಯೇ ಇಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಬಾರದು ಎಂದು 2017ರ ಕಾಯ್ದೆಯ 19ನೇ ಕಲಮು ಸ್ಪಷ್ಟವಾಗಿ ಹೇಳಿಯೂ ಆದ ಸ್ಥಿತಿ ಇದು.

ಈ ಲೆಕ್ಕದಲ್ಲಿ ಕನ್ನಡಿಗರೂ ಬರುತ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ, ಸೊಲ್ಲಾಪುರ ದಾಟಿ ಕಲ್ಯಾಣದಲ್ಲಿ ನಿಲ್ಲುತ್ತದೆ. ಕರಾವಳಿಯ ಮತ್ಸ್ಯಗಂಧ ಪನವೇಲ್, ಠಾಣೆಯಲ್ಲಿ ನಿಲ್ಲುತ್ತದೆ. ಮತಿ ಕಲಕಿದ ಯಾವುದೋ ರಾತ್ರಿ ರೈಲು ಹತ್ತಿದವರು ಇಳಿಯುವುದು ಇಂಥ ಜಂಕ್ಷನ್ನುಗಳಲ್ಲೇ. ಅಲೆಯುತ್ತಿರುವ ರೋಗಿಯನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿಗೆ ಹಾಕುವಂತಿಲ್ಲ ಎನ್ನುತ್ತದೆ ಅದೇ ಕಾಯ್ದೆಯ 100ನೇ ಕಲಮು. ಆದರೆ ಮರಾಠಿಯಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲೋ ತುಳುವಿನಲ್ಲೋ ಬಂದ ಉತ್ತರ ‘ಬಡಬಡಿಕೆ’ ಎಂದು ಕೇಸ್ ಪೇಪರಿನಲ್ಲಿ ದಾಖಲಾಗಲು ಎಷ್ಟು ಹೊತ್ತು ಬೇಕು? ಊರಿನ ಹೆಸರು ಹೇಳಿದರೂ ಅದು ಊರು ಎಂದು ಕೇಳಿದವರಿಗೆ ಗೊತ್ತಾಗಬೇಕಲ್ಲ. ಕರ್ಜತ್‌ನಲ್ಲಿ ಶ್ರದ್ಧಾ ಪುನರ್ವಸತಿ ಕೇಂದ್ರ ನಡೆಸುವ, 2018ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಪಡೆದ ಡಾ. ಭರತ್ ವಟವಾನಿ ಅವರ ಕೆಲಸವೇ ಇದು: ಬೀದಿಯಿಂದ ಎತ್ತಿ ತಂದು, ಚಿಕಿತ್ಸೆ ಕೊಟ್ಟು, ಮಾತು ಮರಳಿದ ಮೇಲೆ ಊರು ಹುಡುಕಿ ಮನೆಗೆ ಮುಟ್ಟಿಸುವುದು.

ರೋಗ ಹಿಡಿತದಲ್ಲಿರುವ ದಿನಗಳಲ್ಲೇ ಮಾಡಿಟ್ಟುಕೊಳ್ಳಬಹುದಾದ ಎರಡು ಕಾಗದಗಳಿವೆ. ಮುಂದೆ ಮತ್ತೆ ರೋಗ ಉಲ್ಬಣಿಸಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ವಯಸ್ಕರು ಬರೆದಿಡುವ ಮುಂಗಡ ನಿರ್ದೇಶನ ಒಂದು (2017ರ ಕಾಯ್ದೆಯ 5ನೇ ಕಲಮು). ಆಗ ತನ್ನ ಪರವಾಗಿ ನಿಲ್ಲುವವರು ಇಂಥವರು ಎಂದು ಹೆಸರಿಸುವ ಪತ್ರ ಇನ್ನೊಂದು (14ನೇ ಕಲಮು). ಮಗ ಕೈಯಾರೆ ‘ನಾನು ಮಾತ್ರೆ ಬಿಟ್ಟರೆ ಅಕ್ಕನನ್ನು ಕರೆಯಿರಿ, ಈ ಇಂಜೆಕ್ಷನ್ ಕೊಡಿ’ ಎಂದು ಬರೆದಿಟ್ಟರೆ ಅದು ಅವನದೇ ಮಾತು. ಮೇಲಿನಿಂದ ಬಂದ ಯಾವ ಹುಕುಮಿಗೂ ಆ ಬಲವಿಲ್ಲ. ರಾತ್ರಿ ಹನ್ನೆರಡಕ್ಕೆ ಯಾರನ್ನು ಕೇಳುವುದು ಎಂದು ತೋಚದಿದ್ದರೆ 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸೇವೆಯ ಸಂಖ್ಯೆ ಅದು. ಕನ್ನಡದಲ್ಲಿ ಮಾತಾಡುವ ಸೌಲಭ್ಯವೂ ಅದರಲ್ಲಿದೆ.

ಮತ್ತೊಮ್ಮೆ 369ನೇ ಕಲಮನ್ನು ಓದಿ ನೋಡಬೇಕು. ‘ಸಂಬಂಧಿ ಅಥವಾ ಸ್ನೇಹಿತ’ ಎಂದಿದೆ. ರಕ್ತಸಂಬಂಧವೇ ಬೇಕೆಂದಿಲ್ಲ. ಡೊಂಬಿವಲಿಯಲ್ಲಿ, ಠಾಣೆಯಲ್ಲಿ, ನವಿ ಮುಂಬಯಿಯಲ್ಲಿ ಕನ್ನಡ ಸಂಘಗಳಿವೆ, ಜಾತಿ ಸಂಘಗಳಿವೆ, ಭಜನಾ ಮಂಡಳಿಗಳಿವೆ. ರಾಜ್ಯೋತ್ಸವಕ್ಕೆ, ಯಕ್ಷಗಾನಕ್ಕೆ ನೂರಾರು ಜನ ಸೇರುತ್ತಾರೆ. ಅವರಲ್ಲಿ ನಾಲ್ಕೈದು ಮಂದಿ ವಾರಕ್ಕೊಂದು ದಿನ ಠಾಣೆಯ ಮನೋರುಗ್ಣಾಲಯದ ಸಮಾಜ ಸೇವಾ ವಿಭಾಗಕ್ಕೆ ಹೋಗಿ, ‘ಇಲ್ಲಿ ಕನ್ನಡ ಮಾತಾಡುವವರು ಯಾರಾದರೂ ಇದ್ದಾರಾ?’ ಎಂದು ವಿಚಾರಿಸಿದರೆ, ಯಾರದೋ ಊರಿನ ಹೆಸರನ್ನು ಸರಿಯಾಗಿ ಬರೆದುಕೊಟ್ಟರೆ, ಕಾನೂನು ಸೇವಾ ಪ್ರಾಧಿಕಾರದ ವಕೀಲರಿಗೆ ತಮ್ಮ ಫೋನ್ ನಂಬರ್ ಕೊಟ್ಟು ‘ಜಾಮೀನಿಗೆ ಸ್ನೇಹಿತ ಬೇಕಾದರೆ ಹೇಳಿ’ ಎಂದು ಬಂದರೆ, ಮುಚ್ಚಳಿಕೆಯಲ್ಲಿ ಖಾಲಿ ಬಿಟ್ಟಿರುವ ಆ ಗೆರೆಯ ಮೇಲೆ ಬರೆಯಲು ಒಂದು ಹೆಸರು ಸಿಗುತ್ತದೆ.